ಹೆಂಡ್ತೀನ ಎಬ್ಬಿಸು

ನಮ್ಮಪ್ಪ ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ರು. ಅವರ ಬಗ್ಗೆ ಯಾರಾದ್ರೂ ಒಂದು ಕೆಟ್ಟ ಮಾತಾಡಿದ್ರೆ ಅವರ ಜನ್ಮ ಜಾಲಾಡೋಳು ನಾನು. ಆಡೋರೇ ಇರಲಿಲ್ಲ, ಅದು ಬೇರೆ ಮಾತು. ಅಂಗಡಿ ಬಾಗಿಲು ಹಾಕಿದ್ರೆ ನೆಟ್ಟಗೆ ಮನೆಗೆ ಬರೋರು. ಕೈಕಾಲು ತೊಳ್ಕೊಂಡು, ಅಮ್ಮನ ಕೈಯಿಂದ ಚಾಕು ಕಿತ್ಕೊಂಡು ತರಕಾರಿ ಹೆಚ್ಚೋಕೆ ಕೂರೋರು. ನನ್ನ ಜಡೆ ಸೊಟ್ಟಪಟ್ಟ ಹೆಣೆದು, ಎಷ್ಟು ಚೆನ್ನಾಗಿದೆ ನೋಡು ಅಂತ ಕನ್ನಡಿ ಹಿಡಿಯೋರು. ನಿವೃತ್ತಿ ಆದ ಮೇಲಂತೂ ಅಮ್ಮ ಅಡುಗೆಮನೆಯಲ್ಲಿದ್ರೆ ಅಲ್ಲಿ, ಹಿತ್ತಲಲ್ಲಿದ್ರೆ ಅಲ್ಲಿ. ಅಮ್ಮನ ಬಾಲ ಅಂತ ನಾನು ರೇಗಿಸ್ತಿದ್ದೆ. ಒಂದೇ ಒಂದು ಕೆಟ್ಟ ಚಾಳಿ ಇತ್ತು, ಸ್ನಾನ ಮಾಡಿ ಬಂದು ಒದ್ದೆ ಟವೆಲ್ಲನ್ನ ಹಾಸಿಗೆ ಮೇಲೆ ಎಸೆಯೋದು. ಅದಕ್ಕೆ ಅಮ್ಮ ದಿನಾ ಬೈಯೋಳು.

ಅಪ್ಪನಿಗೆ ಮನೆಯಲ್ಲಿ ಮಾತು ಕಡಿಮೆ. ಅದಕ್ಕೂ ಅಮ್ಮನೇ ಕಾರಣ. ಅವಳದು ಕಡ್ಡಿ ಮುರಿದ ಹಾಗೆ ಮಾತು. ಪಕ್ಕದ ಮನೆಯವರು ಹೊಸ ಪರದೆ ಹೇಗಿದೆ ಅಂತ ಆಸೆಯಿಂದ ಕೇಳಿದ್ರೆ, ಹಳೇದೇ ವಾಸಿ ಅಂತ ಹೇಳಿ ಬರೋ ಹೆಂಗಸು. ಮದುವೆಯಾದ ಹೊಸದರಲ್ಲಿ ಅಪ್ಪ ಅದೇನೋ ಸವಿ ಮಾತಾಡಿದ್ರಂತೆ. ಈ ಅಂಗಡಿ ಮಾತೆಲ್ಲ ಚಪ್ಪಲಿ ಬಿಡೋ ಕಡೆ ಬಿಟ್ಟು ಒಳಗೆ ಬನ್ನಿ ಅಂದುಬಿಟ್ಟಳಂತೆ. ಬಿಟ್ಟು ಬಂದ್ರು, ಪಾಪ. ಆಮೇಲೆ ಅವರ ಬಾಯಲ್ಲಿ ಹ್ಞೂಂ, ಆಯ್ತು, ಉಪ್ಪು ಸರಿಯಾಗಿದೆ, ಇಷ್ಟೇ.

ಅಪ್ಪ ತೀರ್ಕೊಂಡು ಒಂದು ತಿಂಗಳಾಗಿತ್ತು. ಒಂದು ಭಾನುವಾರ ಅಂಗಡಿಯವರೆಲ್ಲ ಮಾತಾಡಿಸೋಕೆ ಬಂದ್ರು. ಅಪ್ಪನ ಕೈಕೆಳಗೆ ಕೆಲಸ ಕಲಿತವನು ಈಗ ಅಲ್ಲಿ ಮ್ಯಾನೇಜರು. ಅಮ್ಮನನ್ನ ಅಡಿಯಿಂದ ಮುಡಿಯವರೆಗೆ ನೋಡಿ, ಅತ್ತಿಗೆ, ಈಗ ಬೆನ್ನು ಹೇಗಿದೆ, ಪೂರ್ತಿ ವಾಸಿಯಾಯ್ತಲ್ಲ ಅಂದ. ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಒಂದು ನೆಗಡಿ ಬಂದದ್ದೂ ನನಗೆ ನೆನಪಿಲ್ಲ, ಗುಂಡುಕಲ್ಲಿನ ಹಾಗಿದ್ದಾಳೆ.

ಆಗ ಬಯಲಾಯ್ತು. ಗಿರಾಕಿಗಳಿಗೆ ಅಪ್ಪ ಸ್ಪ್ರಿಂಗು, ಸ್ಪಂಜು ಅಂತೆಲ್ಲ ಹೇಳ್ತಾನೇ ಇರಲಿಲ್ಲವಂತೆ. ಹಾಸಿಗೆ ಮೇಲೆ ಮಲಗಿಸಿ, ಕಣ್ಣು ಮುಚ್ಕೊಳ್ಳಿ ಅಂದು, ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು, ನನ್ನ ಹೆಂಡ್ತಿ ಬೆನ್ನು ನೋವಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳು ಅಂತ ಶುರು ಮಾಡೋರಂತೆ. ಕೊನೆಗೆ ಇದೇ ಹಾಸಿಗೆ ಮೇಲೆ ಮಲಗಿ ಒಂದು ಬೆಳಿಗ್ಗೆ ಎದ್ದು ನಿಂತಳು ಅನ್ನೋ ಹೊತ್ತಿಗೆ ಗಿರಾಕಿ ಕಣ್ಣಲ್ಲಿ ನೀರು, ಕೈಯಲ್ಲಿ ಬಿಲ್ಲು. ಅಂಗಡಿಯಲ್ಲಿ ಅದಕ್ಕೊಂದು ಹೆಸರೇ ಬಿದ್ದಿತ್ತಂತೆ. ಗಿರಾಕಿ ಹಿಂದೆಮುಂದೆ ನೋಡಿದ್ರೆ ಸಾಕು, ಹುಡುಗರು ಒಬ್ಬರಿಗೊಬ್ಬರು, "ಹೆಂಡ್ತೀನ ಎಬ್ಬಿಸು" ಅಂತ ಪಿಸುಗುಟ್ಟೋರಂತೆ. ಈಗಲೂ ಹಾಗೇ ಅಂತಾರಂತೆ. ಮ್ಯಾನೇಜರು ಅಳ್ತಾ ನಗ್ತಾ ಹೇಳ್ತಿದ್ದ. ನಮಗೆ ಗೊತ್ತೇ ಇರುತ್ತೆ ಅಂದ್ಕೊಂಡಿದ್ದ, ಬಡಪಾಯಿ.

ನಮ್ಮನೆಯಲ್ಲಿ ಆ ಹಾಸಿಗೆ ಇರಲೇ ಇಲ್ಲ. ಹತ್ತಿ ಹಾಸಿಗೆ, ಅದೂ ಗಟ್ಟಿಯಾದದ್ದು. ಅದೇ ಬೆನ್ನಿಗೆ ಒಳ್ಳೇದು ಅಂತ ಅಪ್ಪನೇ ಹೇಳೋರು!

ಅಂಗಡಿಯವರು ಹೋದ ಮೇಲೆ ನನಗೆ ಮೈಯೆಲ್ಲ ಉರಿದುಹೋಯ್ತು. ಊರಿನ ಅರ್ಧ ಜನ ನನ್ನ ತಾಯಿಯ ಇಲ್ಲದ ಕಾಯಿಲೆ ಮೇಲೆ ಹೊರಳಾಡಿ ಮಲಗಿದ್ದಾರೆ! ನಾಳೆ ರಸ್ತೆಯಲ್ಲಿ ಹೇಗೆ ಓಡಾಡೋದು? ಸಿಟ್ಟಿನಲ್ಲಿ ಅಪ್ಪನ ಫೋಟೋನ ಗೋಡೆ ಕಡೆ ತಿರುಗಿಸಿ ಇಟ್ಟೆ. ಅಮ್ಮ ನೋಡಿದಳು, ಬೇಡ ಅನ್ನಲಿಲ್ಲ. ಅವಳ ಕಿವಿ ತುದಿಯೆಲ್ಲ ಕೆಂಪಾಗಿತ್ತು.

ಎರಡು ದಿನ ಬಿಟ್ಟು ಒಬ್ಬ ವಯಸ್ಸಾದ ಮೇಷ್ಟ್ರು ಬಂದ್ರು. ನಾವು ಅವರನ್ನ ಕಂಡೇ ಇರಲಿಲ್ಲ. ಬೆನ್ನು ತೋರಿಸ್ತಿದ್ದ ಫೋಟೋ ನೋಡಿ ತಬ್ಬಿಬ್ಬಾದ್ರು. ಧೂಳು ಒರೆಸ್ತಾ ಇದ್ವಿ ಅಂದಳು ಅಮ್ಮ. ಅವಳ ಬಾಯಿಂದ ನಾನು ಕೇಳಿದ ಮೊದಲನೇ ಸುಳ್ಳು ಅದು.

ಮೇಷ್ಟ್ರ ಹೆಂಡ್ತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದ್ರಂತೆ. ಮೂಳೆ ಕೂಡಿಕೊಂಡು ಎಷ್ಟೋ ಕಾಲವಾಗಿದೆ, ನಡೀಲೇಬೇಕು, ಇಲ್ಲದಿದ್ರೆ ಇನ್ನು ಏಳೋದೇ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆಕೆ ಹೆದರಿಕೊಂಡು ಕಾಲು ಕೆಳಗಿಡಲ್ಲ. ಅಪ್ಪನಿಗೆ ಪಾರ್ಕಿನಲ್ಲಿ ಮೇಷ್ಟ್ರ ಪರಿಚಯವಾಗಿ, ವಾರಕ್ಕೊಂದು ಸಲ ಅವರ ಮನೆಗೆ ಹೋಗಿ ಆ ಹೆಂಗಸಿನ ಹತ್ತಿರ ಕೂತು, ನನ್ನ ಹೆಂಡ್ತೀನೂ ಹೀಗೇ ಮಲಗಿದ್ದಳು, ಎದ್ದಳು ಅಂತ ಹೇಳ್ತಿದ್ರಂತೆ. ನಾವು ಅವರು ವಾಕಿಂಗ್ ಹೋಗ್ತಾರೆ ಅಂದ್ಕೊಂಡಿದ್ವಿ. ಒಂದು ದಿನ ನನ್ನ ಹೆಂಡ್ತೀನೇ ಕರ್ಕೊಂಡು ಬರ್ತೀನಿ ಅಂತ ಮಾತೂ ಕೊಟ್ಟಿದ್ರಂತೆ.

"ನಿಮ್ಮನ್ನ ಒಂದು ಸಲ ಕಣ್ಣಾರೆ ನೋಡಿದ್ರೆ ಏಳ್ತೀನಿ ಅಂತಾಳಮ್ಮ," ಅಂದ್ರು ಮೇಷ್ಟ್ರು. "ಒಂದು ಗಳಿಗೆ ಬಂದು ಹೋಗ್ತೀರಾ?"

ಅದೆಲ್ಲ ವ್ಯಾಪಾರದ ಮಾತು ಸರ್ ಅಂತ ಹೇಳೋಕೆ ಬಾಯಿ ತೆಗೆದೆ. ಅಮ್ಮ ನನ್ನ ಕೈ ಚಿವುಟಿ, ಇರಿ, ಬಟ್ಟೆ ಬದಲಾಯಿಸಿ ಬರ್ತೀನಿ ಅಂದಳು. ನಾನು ಹಿಂದೆಯೇ ಕೋಣೆಗೆ ನುಗ್ಗಿ, ನಿನಗೆ ಬುದ್ಧಿಗಿದ್ದಿ ಇದೆಯಾ, ನೀನು ಹೋಗಿ ಸುಳ್ಳು ಹೇಳ್ತೀಯಾ ಅಂತ ಕೂಗಾಡಿದೆ.

"ನಾಚಿಕೆಯಿಂದ ಸಾಯ್ತಾ ಇದೀನಿ ಕಣೇ," ಅಂದಳು. "ಊರಿಗೆಲ್ಲ ಕಾಣೋ ಹಾಗೆ ನನ್ನನ್ನ ಮಲಗಿಸಿ ಹೋಗಿಬಿಟ್ಟರು. ಈಗ ನಾನೇ ಎದ್ದು ತೋರಿಸಬೇಕಲ್ಲ."

ಮೇಷ್ಟ್ರ ಮನೆ ಎರಡು ರಸ್ತೆ ಆಚೆ. ಗೇಟಿನ ಹತ್ತಿರ ಅಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು, ಮೊಟ್ಟೆ ಮೇಲೆ ನಡೆಯೋ ಹಾಗೆ ಮೆಲ್ಲಗೆ ನಡೆದಳು. ನಾನು ತಲೆ ತಗ್ಗಿಸಿಕೊಂಡು ಹಿಂದೆ ಹೋದೆ. ಕಿಟಕಿ ಪಕ್ಕ ಮಂಚ, ಮಂಚದ ಮೇಲೆ ಸಣಕಲು ಹೆಂಗಸು, ಕಣ್ಣು ಮಾತ್ರ ಚುರುಕು. ಮೇಷ್ಟ್ರು ಬಾಗಿಲು ಎಳ್ಕೊಂಡು ಆಚೆ ನಿಂತ್ರು. ಕೂತ್ಕೊಳ್ಳಿ ಅಂದ್ರು ಆಕೆ. ಅಮ್ಮ ಎಲ್ಲಾ ಮರೆತು, ಮನೆಯಲ್ಲಿ ಕೂರೋ ಹಾಗೆ ಧೊಪ್ಪಂತ ಕೂತಳು. ಸಾಲದ್ದಕ್ಕೆ, ನೆಲಕ್ಕೆ ಬಿದ್ದಿದ್ದ ಚಮಚ ಕಂಡು ಪಟ್ಟಂತ ಬಗ್ಗಿ ಎತ್ತಿಟ್ಟಳು.

ಆಕೆ ಚಮಚ ನೋಡಿದ್ರು, ಅಮ್ಮನನ್ನ ನೋಡಿದ್ರು. "ನಿಮಗೆ ಬೆನ್ನು ನೋವು ಬಂದೇ ಇಲ್ಲ, ಅಲ್ವಾ?" ಅಂದ್ರು.

ಅಮ್ಮನ ಮುಖ ಕಪ್ಪಿಟ್ಟಿತು. ನೆಲ ಬಾಯಿ ಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸ್ತು.

"ಇಲ್ಲ," ಅಂದಳು ಅಮ್ಮ. "ಯಾವತ್ತೂ ಬಂದಿಲ್ಲ. ತಪ್ಪಾಯ್ತು."

ಆಕೆ ಬಯ್ಯಲಿಲ್ಲ. ಸೂರು ನೋಡ್ತಾ, ನನಗೆ ಮಾರೋಕೆ ಅವರ ಹತ್ತಿರ ಏನೂ ಇರಲಿಲ್ಲವಲ್ಲ, ಮತ್ತೆ ಯಾಕೆ ಬಂದು ಕೂತ್ಕೋತಿದ್ರು ಅಂತ ತಮಗೆ ತಾವೇ ಕೇಳ್ಕೊಂಡ್ರು. ಅಪ್ಪ ಏನು ಹೇಳ್ತಿದ್ರು ಅನ್ನೋದನ್ನೂ ಹೇಳಿದ್ರು. ಬೆನ್ನಿನ ಬಗ್ಗೆ ಹೆಚ್ಚು ಮಾತೇ ಇರ್ತಿರಲಿಲ್ಲವಂತೆ. ಹೆಂಡ್ತಿ ಮಲಗಿದ ಮೇಲೆ ಮನೆಯಲ್ಲಿ ಪಾತ್ರೆ ಸದ್ದಿಲ್ಲ, ಬೈಗುಳದ ಸದ್ದಿಲ್ಲ, ನನ್ನ ಮನೆ ಬಾಡಿಗೆ ಮನೆ ಥರ ಆಗಿಹೋಗಿತ್ತು ಅನ್ನೋರಂತೆ. ಬೈಯಲಿ ಅಂತಲೇ ದಿನಾ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ತಿದ್ದೆ, ಅವಳು ಸುಮ್ಮನೆ ನೋಡೋಳು, ಆಗ ನನಗೆ ಜೀವ ಹೋದ ಹಾಗಾಗೋದು. ಒಂದು ಬೆಳಿಗ್ಗೆ, ನಿಮಗೆಷ್ಟು ಸಲ ಹೇಳಬೇಕು ಅಂತ ಗದರಿದಳು. ಅವತ್ತೇ ನನ್ನ ಹೆಂಡ್ತಿ ಎದ್ದದ್ದು. ಹೀಗೆ ಹೇಳೋರಂತೆ.

ಅಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದಳು. ಜೀವಮಾನವಿಡೀ ಬೈದಿದ್ದಳಲ್ಲ ಆ ಟವೆಲ್ಲಿಗೆ. "ನನ್ನ ಹತ್ತಿರ ಇದನ್ನೆಲ್ಲ ಒಂದು ದಿನವೂ ಹೇಳಲಿಲ್ಲ," ಅಂದಳು. "ಎಲ್ಲಿ ಹೇಳ್ತಾರೆ. ನಾನೇ ಬಿಡಲಿಲ್ಲ." ಅಮ್ಮ ತಲೆ ತಗ್ಗಿಸಿ ಕೂತದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಪ್ಪ ಸತ್ತ ದಿನವೂ ಅವಳು ತಲೆ ಎತ್ತಿಯೇ ಇದ್ದಳು.

ಬಾಗಿಲಾಚೆ ಮೇಷ್ಟ್ರು ಕೆಮ್ಮಿದ್ರು. ಆಕೆ ದನಿ ತಗ್ಗಿಸಿ, ನಮ್ಮ ಯಜಮಾನರು ನಿಮ್ಮವರ ಮಾತು ಪೂರಾ ನಂಬಿದ್ದಾರೆ, ನಾನು ಎದ್ದೇ ಏಳ್ತೀನಿ ಅಂತ ಅದನ್ನೇ ಹಿಡ್ಕೊಂಡು ದಿನ ತಳ್ಳಿದ್ದಾರೆ, ಈಗ ನಾನು ಮಲಗೇ ಇದ್ರೆ ಅದೆಲ್ಲ ಸುಳ್ಳು ಅಂತ ಗೊತ್ತಾಗಿಹೋಗುತ್ತೆ ಅಂದ್ರು. ಆಮೇಲೆ ಅಮ್ಮನ ಕಡೆ ಕೈ ಚಾಚಿದ್ರು.

"ಹಿಡ್ಕೊಳ್ಳಿ," ಅಂದ್ರು. "ಬಿಡಬೇಡಿ."

ಕಾಲು ಕೆಳಗಿಡೋಕೇ ಎಷ್ಟೋ ಹೊತ್ತು ಹಿಡೀತು. ಆಕೆ ಹಲ್ಲು ಕಚ್ಕೊಂಡು, ಅಮ್ಮನ ಭುಜಕ್ಕೆ ಉಗುರು ಊರಿ, ಮೈಭಾರವೆಲ್ಲ ಅವಳ ಮೇಲೇ ಹಾಕಿ, ನಡುಗ್ತಾ ನಿಂತ್ರು. ಹೆಜ್ಜೆ ಇಡಲಿಲ್ಲ, ಬರೀ ನಿಂತ್ರು. ನಾನು ಹೋಗಿ ಬಾಗಿಲು ತೆಗೆದೆ. ಮೇಷ್ಟ್ರು ಬಾಯಿ ಮೇಲೆ ಕೈ ಇಟ್ಕೊಂಡು ಗಳಗಳ ಅತ್ತುಬಿಟ್ಟರು. ಅಮ್ಮನಿಗೆ ಎರಡೂ ಕೈ ಮುಗಿದು, ನಿಮ್ಮ ಯಜಮಾನರು ಹೇಳಿದ್ದು ಅಕ್ಷರ ಅಕ್ಷರ ನಿಜವಾಯ್ತಮ್ಮ ಅಂದ್ರು. ಅಮ್ಮ ಅವರ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಮೇಷ್ಟ್ರು ಗೇಟಿನವರೆಗೆ ಬಂದು ನಿಂತಿದ್ರು, ಅದಕ್ಕೆ ಅಮ್ಮ ಸೊಂಟದ ಮೇಲೆ ಕೈ ಇಟ್ಕೊಂಡೇ ನಡೆದಳು. ಮನೆಗೆ ಬಂದ್ರೆ ಫೋಟೋ ಇನ್ನೂ ಗೋಡೆ ಕಡೆಗೇ ಇತ್ತು. ಅದನ್ನ ತಿರುಗಿಸೋಕೆ ನನಗೆ ಯಾವ ಮುಖ ಇತ್ತು? ಚಪ್ಪಲಿ ಬಿಡೋ ಕಡೆಯೇ ನಿಂತುಬಿಟ್ಟೆ. ಅಮ್ಮನೇ ಹೋಗಿ ತಿರುಗಿಸಿ, ಸೆರಗಿನಲ್ಲಿ ಗಾಜು ಒರೆಸಿದಳು, ಒಂದೇ ಕೈಯಲ್ಲಿ. ಇನ್ನೊಂದು ಕೈ ಸೊಂಟದ ಮೇಲೇ ಇತ್ತು.

"ಮನೆಗೆ ಬಂದಾಯ್ತಲ್ಲಮ್ಮ, ಇನ್ನು ಕೈ ತೆಗಿ," ಅಂದೆ.

"ತೆಗೀತೀನಿ ಇರೇ," ಅಂದಳು. "ನಿಜವಾಗ್ಲೂ ನೋಯ್ತಾ ಇದೆ."