ಸೋದರತ್ತೆ ಮನೆಗೆ ಹೋದ ಮಗಳು

ಕಟಿಂಗ್ ಅಂಗಡಿ ಎಂದರೆ ಯಾರ ಬಾಯಿಗೂ ಬೀಗವಿಲ್ಲದ ಜಾಗ. ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಬಿಗಿಸಿಕೊಂಡವನು ಮನೆಯ ಗುಟ್ಟನ್ನೆಲ್ಲ ಕಕ್ಕಿಬಿಡುತ್ತಾನೆ. ಬೆಂಚಿನ ಮೇಲೆ ಸರದಿ ಕಾಯುವವರು ಪೇಪರ್ ಓದುವ ನಾಟಕವಾಡುತ್ತ ಕಿವಿಯನ್ನು ಇತ್ತ ಇಟ್ಟಿರುತ್ತಾರೆ. ವರ್ಷಗಟ್ಟಲೆ ಇದನ್ನೇ ನೋಡಿದ್ದ ಅಂಗಡಿಯವನು ತನ್ನ ಮನೆಯ ಮಾತು ಬಂದಾಗ ಹುಷಾರಾದ. "ಮಗಳೆಲ್ಲಪ್ಪ, ಕಾಣ್ತಾನೇ ಇಲ್ಲ?" ಎಂದು ಪಕ್ಕದ ಬೇಕರಿ ಯಜಮಾನ ಕೇಳಿದಾಗ, ಕತ್ತರಿ ನಿಲ್ಲಿಸದೆಯೇ ಒಂದು ಕಾಗೆ ಹಾರಿಸಿದ.

"ನಮ್ಮಕ್ಕನ ಮನೇಲಿದ್ದಾಳೆ. ಅಲ್ಲಿಂದಾನೇ ಓದ್ಕೋತಾಳಂತೆ."

ಮಗಳು ಇದ್ದದ್ದು ಅವನ ತಲೆಯ ಮೇಲೆಯೇ, ಮಹಡಿಯ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು.

ಹದಿನಾರರ ಹುಡುಗಿ. ಹಿಂದೆಲ್ಲ ಗಿರಾಕಿ ಹೊರಗೆ ಕಾಲಿಟ್ಟದ್ದೇ ತಡ, ಕುರ್ಚಿಗೆ ಹಾರಿ ಕೂತು ಅವರ ಹಾಗೆಯೇ ಗಲ್ಲ ತಡವಿಕೊಂಡು, "ಕಿವಿ ಹತ್ರ ಇನ್ನೊಂದ್ ಚೂರು" ಎಂದು ಅಣಕಿಸುವವಳು. "ಸಾಕು, ಬಾಯಿ ಮುಚ್ಚೇ, ಯಾರಾದ್ರೂ ಕೇಳಿಸ್ಕೊಂಡಾರು" ಎಂದು ಅವನು ಗದರುತ್ತಿದ್ದ. ಆ ಬಾಯಿ ತಾನಾಗಿಯೇ ಮುಚ್ಚಿಕೊಂಡ ಮೇಲೆ ಅವನ ಕಿವಿ ಸದಾ ಮೆಟ್ಟಿಲ ಕಡೆಗೆ. ಒಂದು ಸಲ ಇಳಿದು ಬಂದು ತನ್ನನ್ನೇ ಅಣಕಿಸಿದರೂ ಸಾಕಿತ್ತು ಎಂದು ಜೀವ ಹಂಬಲಿಸುತ್ತಿತ್ತು.

ಅಂಗಡಿಗೆ ರಜೆಯಿದ್ದ ದಿನ ಗಂಡ ಹೆಂಡತಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ.

"ಮಾತ್ರೆ ಕೊಡ್ತೀನಿ, ಆದ್ರೆ ಅದೊಂದೇ ಸಾಲದು. ದಿನಾ ಬೆಳಗ್ಗೆ ಇಲ್ಲಿಗೆ ಬರಲಿ, ಸಂಜೆ ಮನೆಗೆ ಹೋಗಲಿ. ಇವಳ ವಯಸ್ಸಿನವರೇ ಇರ್ತಾರೆ. ಸೋಮವಾರದವರೆಗೂ ಜಾಗ ಹಿಡಿದಿಟ್ಟಿರ್ತೀನಿ. ಎಳ್ಕೊಂಡು ಮಾತ್ರ ಬರಬೇಡಿ, ಒಪ್ಪಿ ಬರಲಿ."

ಮಗಳು ಬೇಡವೆಂದು ತಲೆಯಾಡಿಸಿದಳು. ಅಪ್ಪನೂ ಒತ್ತಾಯ ಮಾಡಲಿಲ್ಲ. ಮಾತ್ರೆಯಲ್ಲೇ ಎಲ್ಲ ಸರಿಹೋದೀತು ಎಂಬ ಆಸೆ ಅವನಿಗೆ.

ಸೋಮವಾರ ಬೆಳಗ್ಗೆ, ಕಾರ್ಖಾನೆಯ ಪಾಳಿಗೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟುತ್ತ ಅಂದಳು: "ಬೇಡ ಅಂದ್ಲು, ಬೇಡ ಅಂದ್ಲು ಅಂತೀರಲ್ಲ. ಯಾಕೆ ಬೇಡ ಅಂತ ಕೇಳಿದೀರಾ? ನನಗಂತೂ ಬಾಯಿ ಬಿಡ್ತಿಲ್ಲ. ನೀವು ಕೇಳಿ ನೋಡಿ."

ಅವನು ಮೇಲೆ ಹೋಗಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಕೇಳಿದ. ಗೋಡೆಯ ಕಡೆಯಿಂದ ಉತ್ತರ ಬಂತು.

"ಹೇಗಪ್ಪ ಹೋಗೋದು? ಮೆಟ್ಟಿಲು ಇಳಿಯೋದು ಅಂಗಡಿಯೊಳಕ್ಕೇ ಅಲ್ವಾ."

"ಇಳಿದ್ರೆ ಏನೀಗ?"

"ನಾನು ಅತ್ತೆ ಮನೇಲಿದ್ದೀನಲ್ಲ. ಎಲ್ಲರೆದುರು ನಿನ್ನ ಮಾತು ಸುಳ್ಳಾಗುತ್ತೆ." ದನಿ ತಗ್ಗಿಸಿ ಮತ್ತೆ ಅಂದಳು, "ಗಿರಾಕಿ ಇದ್ದಾಗ ನಾನು ಕೆಮ್ಮೋದೂ ಇಲ್ಲ."

ಊರ ಬಾಯಿಂದ ಮಗಳನ್ನು ಕಾಪಾಡುತ್ತಿದ್ದೇನೆಂದು ಬೀಗುತ್ತಿದ್ದ ಭೂಪನನ್ನು ಇಷ್ಟು ದಿನ ಕಾಪಾಡಿದವಳು ಮಗಳು, ಕೆಮ್ಮು ನುಂಗಿಕೊಂಡು. ನಾಚಿಕೆಗೆ ಅವನ ಮುಖ ಬಿಸಿಯಾಯಿತು. ಕೆಳಗೆ ಯಾರೋ ಬಾಗಿಲು ಬಡಿದರು. ಏನು ಮಾಡಲೂ ತೋಚದೆ ಇಳಿದುಹೋಗಿ ಅಂಗಡಿ ತೆರೆದ.

ಬಂದವನು ಬೇಕರಿ ಯಜಮಾನ. ಹಿಂದೆಯೇ ಇನ್ನಿಬ್ಬರು ಬೆಂಚು ಹಿಡಿದರು. ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಯಜಮಾನ ನೊರೆಯೊಳಗಿಂದಲೇ ಶುರುಮಾಡಿದ.

"ಮಗಳು ಯಾವಾಗ ಬರ್ತಾಳಪ್ಪ?"

ರೇಜರ್ ನಿಂತಿತು.

"ಅವಳು ಎಲ್ಲೂ ಹೋಗಿಲ್ಲ ಯಜಮಾನ್ರೇ. ಮೇಲೇ ಇದ್ದಾಳೆ." ಮಹಡಿಗೂ ಕೇಳಲೆಂದು ದನಿ ಏರಿಸಿದ. "ಅವಳ ಮನಸ್ಸಿಗೆ ಹುಷಾರಿಲ್ಲ. ಆಸ್ಪತ್ರೆಗೆ ಹೋಗ್ಬೇಕು. ಅಕ್ಕನ ಮನೆ ಅಂತ ಸುಳ್ಳು ಹೇಳಿದ್ದು ನಾನು, ಅವಳದೇನೂ ತಪ್ಪಿಲ್ಲ."

ಬೆಂಚಿನ ಮೇಲಿದ್ದ ಪೇಪರ್ ಕೆಳಗಿಳಿಯಿತು. ಆಮೇಲೆ ಮೇಲಿನ ಬಾಗಿಲು ಕಿರುಗುಟ್ಟಿತು.

ಬಾಚದ ತಲೆ, ಸುಕ್ಕಾದ ಅಂಗಿ. ಒಂದೊಂದೇ ಮೆಟ್ಟಿಲು ಇಳಿದು ಕೊನೆಯದರಲ್ಲಿ ನಿಂತಳು. ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಕಣ್ಣು ಯಜಮಾನನ ಮೇಲೆ.

"ಅಪ್ಪ, ಅವರದು ಇನ್ನೂ ಅರ್ಧ ಮುಖ ಬಾಕಿ ಇದೆ."

"ಇರ್ಲಿ ಬಿಡಮ್ಮ," ಎಂದ ಯಜಮಾನ. "ನಾನೆಲ್ಲೂ ಓಡಿಹೋಗಲ್ಲ. ನೀವು ಹೋಗಿ ಬನ್ನಿ."

ದಾರಿಯುದ್ದಕ್ಕೂ ಅವಳು ಇನ್ನೊಂದು ಮಾತಾಡಲಿಲ್ಲ. ಇನ್ನೊಂದು ಅಣಕದ ಮಾತು ಬಂದೀತೆಂದು ಆಸೆಬುರುಕ ಅಪ್ಪ ಬೇಕೆಂದೇ ನಿಧಾನವಾಗಿ ನಡೆದ. ಪ್ರತಿ ತಿರುವಿನಲ್ಲೂ ಅವಳ ಮುಖ ನೋಡಿದ. ಆಸ್ಪತ್ರೆಯಲ್ಲಿ ನರ್ಸ್ ಅವಳನ್ನು ಒಳಗೆ ಕರೆದುಕೊಂಡು, "ನೀವು ಸಂಜೆ ಬನ್ನಿ" ಎಂದು ಇವನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಮಗಳು ಹಿಂತಿರುಗಿ ನೋಡಲಿಲ್ಲ. ಒಳಗೆ ಯಾರೋ ಹುಡುಗಿ ಕೇಳಿದ್ದು ಅವನಿಗೆ ಕೇಳಿಸಿತು.

"ನಿಮ್ಮನೆ ಎಲ್ಲಿ?"

"ಇಲ್ಲೇ. ಬೇಕರಿ ಪಕ್ಕ ನಮ್ಮಪ್ಪನ ಕಟಿಂಗ್ ಅಂಗಡಿ ಇದೆಯಲ್ಲ, ಅದರ ಮೇಲೇ ಇರ್ತೀನಿ ನಾನು."

ಬಾಗಿಲು ಮುಚ್ಚಿಕೊಂಡಿತು. ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಅವನು ಅಲ್ಲೇ ನಿಂತ.