ಕ್ಲೀಟ್ ಆರಿಸಿಕೊಂಡ ಪಿಸ್ತೂಲು

ಮೊಂಟಾನಾದ ನಮ್ಮ ಕಣಿವೆಯಲ್ಲಿ ಜೀನು ಹೊಲಿಯುವವನೆಂದರೆ ಕ್ಲೀಟ್ ವಾಸ್ಲರ್ ಒಬ್ಬನೇ. ದೂರದೂರದ ಕುದುರೆ ಸಾಕುವವರೆಲ್ಲ ಅವನ ಅಂಗಡಿಗೇ ಬರುತ್ತಿದ್ದರು. ಅವನ ಅಣ್ಣ ಓರಿನ್ ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಮಾತಿನಲ್ಲಿ ಅಣ್ಣ ಜೋರು, ತಮ್ಮ ಮೆತ್ತಗೆ. ಆದರೂ ಅಪ್ಪ ತೀರಿದ ಮೇಲೆ ಪ್ರತಿ ಶರತ್ಕಾಲದಲ್ಲೂ ಇಬ್ಬರೂ ಜೊತೆಯಾಗಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬೆಟ್ಟ ಹತ್ತುವುದನ್ನು ಬಿಟ್ಟವರಲ್ಲ.

ಆ ಬೆಟ್ಟದಲ್ಲಿ ಈಚೆಗೆ ಕಂದು ಕರಡಿಗಳು ಹೆಚ್ಚಾಗಿದ್ದವು. ಎಲ್ಕ್ ಹೊಡೆದು ಅದರ ಚರ್ಮ ಸುಲಿಯುವಾಗ ರೈಫಲ್ಲು ಎಲ್ಲೋ ಮರಕ್ಕೆ ಒರಗಿರುತ್ತದೆ, ಎರಡು ಕೈಯೂ ರಕ್ತವಾಗಿರುತ್ತದೆ. ಕರಡಿ ವಾಸನೆ ಹಿಡಿದು ಬರುವುದು ಆಗಲೇ. ಅದಕ್ಕೇ ಎದೆಗೆ ಕಟ್ಟಿಕೊಳ್ಳುವಂಥ ದೊಡ್ಡ ಗುಂಡಿನ ಪಿಸ್ತೂಲೊಂದನ್ನು ಕೊಳ್ಳಬೇಕೆಂದು ಕ್ಲೀಟ್ ಆ ವಸಂತದಲ್ಲಿ ನಿರ್ಧರಿಸಿದ. ಓರಿನ್ ಬಳಿ ಅಪ್ಪ ಸೈನ್ಯದಿಂದ ತಂದಿದ್ದ ನಲವತ್ತೈದು ಕ್ಯಾಲಿಬರಿನ ಉಕ್ಕಿನ ಪಿಸ್ತೂಲು ಇತ್ತು. ತಮ್ಮನೂ ಅಂಥದ್ದನ್ನೇ ಕೊಳ್ಳುತ್ತಾನೆಂದು ಅವನು ಎಣಿಸಿದ್ದ.

ಇಬ್ಬರೂ ಅರ್ಲೀನಳ ಬಂದೂಕಿನ ಅಂಗಡಿಗೆ ಹೋದರು. ಅರ್ಲೀನ್ ಎರಡು ಪಿಸ್ತೂಲು ತೆಗೆದು ಗಾಜಿನ ಮೇಲಿಟ್ಟಳು. ಒಂದು ನಲವತ್ತೈದು, ಗುಂಡು ದಪ್ಪ, ಹಾರಿಸಿದಾಗ ಕೈಗೆ ಒದೆತ ಕಡಿಮೆ, ಕೈಯಲ್ಲಿ ಹದವಾಗಿ ಕೂರುತ್ತದೆ. ಇನ್ನೊಂದು ಹತ್ತು ಮಿಲಿಮೀಟರಿನದು. ಗುಂಡು ಸಣ್ಣದು, ಆದರೆ ವೇಗ ಜಾಸ್ತಿ, ಆಳಕ್ಕೆ ಇಳಿಯುತ್ತದೆ, ನಲವತ್ತೈದರ ಎರಡರಷ್ಟು ಗುಂಡು ಹಿಡಿಯುತ್ತದೆ. ಆದರೆ ಹಿಡಿ ದಪ್ಪ, ಒದೆತವೂ ಹೆಚ್ಚು. ಕರಡಿಯ ಭುಜದ ಮೂಳೆ ದಾಟಬೇಕಾದರೆ ಇದೇ ಬೇಕೆಂದು ಕ್ಲೀಟ್ ಹೇಳಿದ. ಗುರಿ ತಪ್ಪಿದ ಗುಂಡು ಎಷ್ಟು ಆಳಕ್ಕೆ ಇಳಿದರೇನೆಂದು ಓರಿನ್ ಕೇಳಿದ. ವಾದ ಬೆಳೆಯಿತು. ಬೇಸತ್ತ ಅರ್ಲೀನ್ ಒಳಗಿನಿಂದ ಇಟ್ಟಿಗೆಯಷ್ಟು ಭಾರದ ಮೂರನೆಯದೊಂದನ್ನು ತಂದಿಟ್ಟಳು.

"ಇದನ್ನ ತಗೊಂಡ್ಬಿಡಿ. ಗುಂಡು ಮುಗಿದ್ರೆ ಕರಡಿ ತಲೆ ಮೇಲೇ ಎತ್ತಿಹಾಕ್ಬೋದು," ಎಂದಳು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಾಗೇ ನಗುತ್ತ ಎಲ್ಲರೂ ಊರಾಚೆಯ ಜಲ್ಲಿಗುಂಡಿಗೆ ಹೋಗಿ ಎರಡನ್ನೂ ಹಾರಿಸಿ ನೋಡಿದರು. ಕ್ಲೀಟ್‌ನದು ಚಿಕ್ಕ ಕೈ. ನಲವತ್ತೈದರಲ್ಲಿ ಅವನ ಗುರಿ ಚೆನ್ನಾಗಿಯೇ ಇತ್ತು. ಹತ್ತರ ಒದೆತಕ್ಕೆ ಮಾತ್ರ ಮಣಿಕಟ್ಟು ಮೇಲೆದ್ದು ಗುಂಡುಗಳು ಎಲ್ಲೆಲ್ಲೋ ಹಾರಿದವು.

"ಕರಡಿಗೇನೂ ಭಯ ಇಲ್ಲ ಬಿಡ್ರಪ್ಪ. ಇವನ ಪಕ್ಕ ನಿಂತೋರು ಮಾತ್ರ ಹುಷಾರು," ಎಂದ ಓರಿನ್.

ಕ್ಲೀಟ್ ಅಂಗಡಿಗೆ ಹಿಂತಿರುಗಿ ಹತ್ತನ್ನೇ ಕೊಂಡ.

ಬೇಸಿಗೆಯಿಡೀ ಅವನು ಸಂಜೆ ಹೊತ್ತು ಒಬ್ಬನೇ ಜಲ್ಲಿಗುಂಡಿಗೆ ಹೋಗಿ ಅಭ್ಯಾಸ ಮಾಡಿದ. ಗುರಿ ಸುಧಾರಿಸಿತು. ಓರಿನ್ ಅದನ್ನು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಭಾನುವಾರ ತಮ್ಮನ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದ. ಊಟದ ಮೇಜಿನಲ್ಲಿ ಪಿಸ್ತೂಲಿನ ವಿಷಯ ಎತ್ತಕೂಡದೆಂದು ಕ್ಲೀಟ್‌ನ ಹೆಂಡತಿ ನಡೀನ್ ಇಬ್ಬರಿಗೂ ಹೇಳಿಬಿಟ್ಟಳು. ಆದರೂ ಆಗಸ್ಟಿನ ಒಂದು ಮಧ್ಯಾಹ್ನ, ಹುರಿದ ಮಾಂಸದ ತಟ್ಟೆ ಇನ್ನೂ ಮೇಜಿನ ಮೇಲಿರುವಾಗಲೇ, ಓರಿನ್ ಬಾಯಿಂದ ಮಾತು ಜಾರಿತು.

"ಅಪ್ಪ ಇದ್ದಿದ್ರೆ ನಿನ್ನ ಕೈಗೆ ಪಿಸ್ತೂಲೇ ಕೊಡ್ತಿರ್ಲಿಲ್ಲ ಕಣೋ."

ಕ್ಲೀಟ್ ಚಾಕು ಕೆಳಗಿಟ್ಟ. "ಕೊಡ್ಲಿಲ್ಲವಲ್ಲ," ಎಂದ. "ನಿನಗೇ ತಾನೇ ಕೊಟ್ಟಿದ್ದು? ಅವತ್ತೂ ನೀನು ಹಿಂಗೇ ನಗ್ತಿದ್ದೆ."

ಅಪ್ಪ ತನ್ನ ಪಿಸ್ತೂಲನ್ನು ಹಿರಿಯನಿಗೆ ಕೊಟ್ಟು ಕಿರಿಯನ ಭುಜ ತಟ್ಟಿ ಸುಮ್ಮನಾಗಿದ್ದ. ಕ್ಲೀಟ್ ಅದನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆಂದು ಓರಿನ್‌ಗೆ ಗೊತ್ತೇ ಇರಲಿಲ್ಲ. ಆಗಲೇ ಎದ್ದು ಹೋಗಿ ತಮ್ಮನ ಪಕ್ಕ ಕೂರಬಹುದಿತ್ತು. ಬದಲಿಗೆ ಟೋಪಿ ತೆಗೆದುಕೊಂಡು ಮನೆಗೆ ಹೊರಟುಹೋದ. ಆಮೇಲೆ ಒಂದು ಭಾನುವಾರವೂ ಬರಲಿಲ್ಲ.

ಬೇಟೆಯ ಕಾಲ ಬಂತು. ಅಣ್ಣ ಕರೆಯಲಿ ಎಂದು ತಮ್ಮ ಕಾದ, ತಮ್ಮ ಕೇಳಲಿ ಎಂದು ಅಣ್ಣ ಕಾದ. ಕೊನೆಗೆ ನಡೀನ್ ಫೋನು ಮಾಡಿದಳು.

"ಭಾವ, ಇವರು ಒಬ್ರೇ ಹೊರಟಿದಾರೆ. ನೀವೊಂದು ಮಾತು ಹೇಳಿದ್ರೆ ಸಾಕು, ಕಾಯ್ತಾರೆ."

ಮಂಡಿ ನೋಯುತ್ತಿದೆ, ಈ ವರ್ಷ ಬೆಟ್ಟ ಹತ್ತುವುದು ಆಗದು ಎಂದ ಓರಿನ್. ಮಂಡಿಗೇನೂ ಆಗಿರಲಿಲ್ಲ. ಅವನಿಗೇನು, ಹೊಸ ಪಿಸ್ತೂಲಿದೆಯಲ್ಲ, ಎಂದೂ ಸೇರಿಸಿದ. ನಡೀನ್ ಫೋನು ಇಟ್ಟಳು.

ಕ್ಲೀಟ್ ಒಬ್ಬನೇ ಬೆಟ್ಟ ಹತ್ತಿ ಮಧ್ಯಾಹ್ನದ ಹೊತ್ತಿಗೆ ಒಂದು ಒಳ್ಳೆಯ ಎಲ್ಕ್ ಹೊಡೆದ. ಸಣ್ಣಗೆ ಹಿಮಮಳೆ ಹನಿಯುತ್ತಿದ್ದುದರಿಂದ ಎದೆಗೆ ಕಟ್ಟಿದ್ದ ಪಿಸ್ತೂಲಿನ ಮೇಲೆ ಕೋಟು ತೊಟ್ಟು ಕತ್ತಿನವರೆಗೂ ಜಿಪ್ಪು ಎಳೆದಿದ್ದ. ಮೊಣಕಾಲೂರಿ ಎಲ್ಕ್ ಹೊಟ್ಟೆ ಸೀಳುತ್ತಿರುವಾಗ ಹಿಂದಿನ ಪೊದೆಯಿಂದ ಕರಡಿ ಬಂತು. ಅವನ ಬಲಗೈಯನ್ನು ಅಗಿದು, ಮುಖದ ಒಂದು ಪಕ್ಕವನ್ನು ಹರಿದು, ಅವನು ಅಲ್ಲಾಡದೆ ಬಿದ್ದುಕೊಂಡ ಮೇಲೆ ಎಲ್ಕ್ ಕಡೆಗೆ ತಿರುಗಿತು. ಅವನು ತೆವಳಿಕೊಂಡು, ಆಮೇಲೆ ಮರ ಹಿಡಿದು ನಡೆದು, ರಸ್ತೆಗೆ ಬಂದು ಬಿದ್ದ. ದನ ಸಾಗಿಸುತ್ತಿದ್ದ ಟ್ರಕ್ಕಿನವನು ಆಸ್ಪತ್ರೆಗೆ ಒಯ್ದ.

ವನ್ಯಜೀವಿ ಅಧಿಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಓರಿನ್‌ಗೆ ಪಿಸ್ತೂಲು ಒಪ್ಪಿಸಿದ. ಅದರಿಂದ ಒಂದು ಗುಂಡೂ ಹಾರಿರಲಿಲ್ಲ. ಕೋಟಿನ ಜಿಪ್ಪು ಹಾಕಿದಂತೆಯೇ ಇತ್ತೆಂದು ಅವನು ಹೇಳಿದ. ಅಪ್ಪನ ಪಿಸ್ತೂಲೇ ಇದ್ದಿದ್ದರೂ ಆ ಕೋಟಿನೊಳಗೇ ಉಳಿಯುತ್ತಿತ್ತು. ಬೇಟೆಯಲ್ಲಿ ಒಬ್ಬ ಸುಲಿಯುವಾಗ ಇನ್ನೊಬ್ಬ ಬಂದೂಕು ಹಿಡಿದು ಸುತ್ತ ನೋಡುತ್ತ ನಿಲ್ಲುವುದು ಅಣ್ಣತಮ್ಮಂದಿರ ರೂಢಿ. ಆ ನಿಲ್ಲುವವನು ಪ್ರತಿ ಸಲವೂ ಓರಿನ್.

ಕ್ಲೀಟ್‌ಗೆ ಮಾತಾಡಲು ಬಂದಾಗ ಓರಿನ್ ಹಾಸಿಗೆಯ ಪಕ್ಕ ಕೂತಿದ್ದ. ಬ್ಯಾಂಡೇಜಿನಲ್ಲಿ ಒಂದೇ ಕಣ್ಣು ಕಾಣುತ್ತಿತ್ತು.

"ಕಡ್ಡಿ ಮುರಿದ ಸದ್ದು ಕೇಳಿಸ್ತು, ಅಣ್ಣ," ಎಂದ ಕ್ಲೀಟ್ ಮೆಲ್ಲಗೆ. "ನೀನೇ ಮನಸ್ಸು ತಡೀಲಾರದೆ ಬಂದೆ ಅಂದ್ಕೊಂಡೆ. 'ಬಂದ್ಯಾ' ಅಂತ ಕೇಳ್ತಾ ತಿರುಗಿದೆ."

ಓರಿನ್ ಕಿಟಕಿಯ ಕಡೆ ಮುಖ ತಿರುಗಿಸಿದ.

ಕ್ಲೀಟ್ ಮನೆಗೆ ಬಂದ. ಒಂದು ಕಣ್ಣು ಹೋಗಿತ್ತು. ಬಲಗೈಯ ಬೆರಳುಗಳು ದಬ್ಬಳ ಹಿಡಿಯುವಂತಿರಲಿಲ್ಲ. ಅರ್ಧ ಹೊಲಿದ ಜೀನುಗಳು ಅಂಗಡಿಯಲ್ಲಿ ಹಾಗೇ ಬಿದ್ದಿದ್ದವು. ಒಂದು ಬೆಳಿಗ್ಗೆ ಓರಿನ್ ಕೇಳದೆಯೇ ಬಂದು ಹೊಲಿಗೆಯ ಮಣೆಯ ಮೇಲೆ ಕೂತ. ಅಂದಿನಿಂದ ದಿನವೂ ಬರತೊಡಗಿದ. ಮಿಲ್ಲಿನ ಮರ ಎತ್ತಿದ ಕೈಗೆ ಚರ್ಮದ ಕೆಲಸ ಒಗ್ಗಲಿಲ್ಲ. ಅವನು ಹೊಲಿದದ್ದನ್ನು ಕ್ಲೀಟ್ ಎಡಗೈಯಿಂದ ಬಿಚ್ಚುತ್ತಿದ್ದ, ಇಂಥ ಜೀನು ಹೊತ್ತರೆ ಕುದುರೆ ಅಳುತ್ತದೆ ಎಂದು ಛೇಡಿಸುತ್ತಿದ್ದ. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಊರಿನ ದಾರಿ ಹಿಡಿದರು. ಹತ್ತು ಒಳ್ಳೆಯದೋ ನಲವತ್ತೈದೋ ಎಂದು ಯಾರಾದರೂ ಈಗಲೂ ಕೇಳಿದರೆ ಓರಿನ್ ಎದ್ದು ಹೊರಗೆ ಹೋಗುತ್ತಾನೆ.

ಚಳಿಗಾಲದ ಕೊನೆಯಲ್ಲಿ ಒಮ್ಮೆ, ತಲೆ ಎತ್ತದೆ ದಾರ ಪೋಣಿಸುತ್ತ, ಓರಿನ್ ಹೇಳಿದ:

"ನಾನು ಬರಬೇಕಿತ್ತು ಕಣೋ."

ಕ್ಲೀಟ್ ಅಲ್ಲವೆನ್ನಲಿಲ್ಲ, ಪರವಾಗಿಲ್ಲವೆಂದೂ ಹೇಳಲಿಲ್ಲ.

"ಹೂಂ, ಬರಬೇಕಿತ್ತು," ಎಂದ. ಆಮೇಲೆ ಮಣೆಯ ಕಡೆ ಬಾಗಿ ನೋಡಿ, "ಅಲ್ಲಿ ಇನ್ನೂ ಬಿಗಿಯಾಗಿ ಎಳಿ. ಸಡಿಲ ಬಿಟ್ಟಿದೀಯ," ಎಂದ.

ಓರಿನ್ ದಾರ ಬಿಗಿದ.