ಬಲಗಡೆಯ ಮಡ್‌ಗಾರ್ಡಿನ ಹಸಿರು

2019ನೆಯ ಇಸವಿ, ಏಪ್ರಿಲ್ 6, ಶನಿವಾರ. ಬಲಗಡೆಯ ಮುಂದಿನ ಮಡ್‌ಗಾರ್ಡಿನಲ್ಲಿ ಆರು ಪದರ ಬಣ್ಣ ಎಣಿಸಿದೆ. ಇರಬೇಕಾದದ್ದು ನಾಲ್ಕು.

ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜುತ್ತ ಹೋದರೆ ಪದರಗಳ ಅಂಚುಗಳು ಕೊಯ್ದ ಮರದ ಬಳೆಗಳಂತೆ ಒಂದರ ಸುತ್ತ ಒಂದು ತೆರೆದುಕೊಳ್ಳುತ್ತವೆ. ಬಾನೆಟ್ಟು, ಡಿಕ್ಕಿ, ನಾಲ್ಕು ಬಾಗಿಲು, ಎಡಗಡೆಯ ಮಡ್‌ಗಾರ್ಡು, ಎಲ್ಲೆಡೆ ಲೆಕ್ಕ ಒಂದೇ ಆಗಿತ್ತು: ಕಾರ್ಖಾನೆಯ ಕೆಂಗಂದು ಪ್ರೈಮರ್, ಅದರ ಮೇಲೆ ತಿಳಿನೀಲಿ, 1990ರಲ್ಲಿ ಹಾಕಿಸಿದ ಬೂದು ಪ್ರೈಮರ್, ಅದರ ಮೇಲೆ ಬಿಳಿ. ಬಲಗಡೆ ಮಾತ್ರ ನೀಲಿ ಎರಡು ಸಲ ಬಂದಿತ್ತು, ಎರಡು ನೀಲಿಗಳ ನಡುವೆ ಒಂದು ಹಸಿರು ಬಳೆ ಇತ್ತು. ಹಸಿರಿನ ಕೆಳಗೆ ಅಂಗೈಯಗಲ ಪುಟ್ಟಿ, ತಗಡಿನ ತಗ್ಗು ತುಂಬುವ ಮೆತ್ತು. ಪುಟ್ಟಿಯನ್ನು ಕೆರೆದಾಗ ಕೆಳಗಿನ ತಗಡು ಒಳಕ್ಕೆ ನಗ್ಗಿತ್ತು.

ಕಾರು ನನ್ನ ತಮ್ಮ ತೋತ್ಯುವಿನದು. 1971ರ ಮಾಸ್ಕ್ವಿಚ್. ಅವನು ತೀರಿಕೊಂಡು ಎಂಟು ವರ್ಷವಾಯಿತು, ಕಾರು ಅಂದಿನಿಂದ ಷೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ನಿಂತಿತ್ತು. ಮೇ 12ರಂದು ಅವನ ಮೊಮ್ಮಗಳು ರಾಲಿತ್ಸಾಳ ಮದುವೆ. ಅಜ್ಜನ ಕಾರಿನಲ್ಲೇ ಇಗರ್ಜಿಗೆ ಹೋಗಬೇಕೆಂದು ಅವಳ ಆಸೆ. ಬಣ್ಣ ಹೊಡೆಯುವವನು ಏಪ್ರಿಲ್ 20ರ ದಿನ ಕೊಟ್ಟಿದ್ದ. ಅಲ್ಲಿಯವರೆಗಿನ ಉಜ್ಜುವ, ತುಂಬುವ, ಸಮ ಮಾಡುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡಿದ್ದೆ.

ಆ ಹಸಿರು ನನಗೆ ಗೊತ್ತಿತ್ತು. 1982ರ ಅಕ್ಟೋಬರಿನಲ್ಲಿ ನಾನು ಕಲಿಸುತ್ತಿದ್ದ ಶಾಲೆಯ ಬೆಂಚುಗಳಿಗೆ ಬಳಿದು ಉಳಿದ ಒಂದು ಡಬ್ಬಿಯನ್ನು ತೋತ್ಯು ಕೇಳಿ ಪಡೆದು ನಮ್ಮ ಗೇಟಿಗೆ ಬಳಿದ. ಮಿಕ್ಕದ್ದನ್ನು ಮುಂದಿನ ಮಾರ್ಚ್ ಕೊನೆಗೆ ಜೇನುಪೆಟ್ಟಿಗೆಗಳಿಗೆ ಬಳಿದು, ಡಬ್ಬಿಯ ತಳವನ್ನು ಕಡ್ಡಿಯಿಂದ ಕೆರೆದು, ಅದರಲ್ಲಿ ಹೂವಿನ ಗಿಡ ನೆಟ್ಟ. ಜಿಪುಣರ ಊರೆಂದು ಹೆಸರಾದ ನಮ್ಮ ಗಾಬ್ರೊವೊದಲ್ಲಿ ಡಬ್ಬಿಯಲ್ಲಿ ಬಣ್ಣ ಉಳಿಯುವುದಿಲ್ಲ. ಆದ್ದರಿಂದ ಪ್ರೈಮರಿನ ಬದಲು ಮಡ್‌ಗಾರ್ಡಿಗೆ ಆ ಹಸಿರು ತಗಲಿದ್ದು ಅಕ್ಟೋಬರಿಗೂ ಮಾರ್ಚಿಗೂ ನಡುವೆ. ಆ ಆರು ತಿಂಗಳಲ್ಲಿ ನಮ್ಮ ರಸ್ತೆಯಲ್ಲಿ ನಡೆದದ್ದು ಒಂದೇ ಸಂಗತಿ. ಫೆಬ್ರವರಿ 14ರ ರಾತ್ರಿ, ಮಗ್ಗದ ಗಿರಣಿಯ ಹತ್ತು ಗಂಟೆಯ ಪಾಳಿಗೆಂದು ನಡೆದು ಹೊರಟಿದ್ದ ಲಾಜರ್, ಬೆಳಗ್ಗೆ ರಸ್ತೆಯ ಪಕ್ಕದ ಇಳಿಜಾರಿನಲ್ಲಿ ಹಿಮದಡಿ ಹೆಣವಾಗಿ ಸಿಕ್ಕಿದ.

ಲಾಜರ್ ನಮ್ಮ ಪಕ್ಕದ ಮನೆಯವನು. ಅವನ ಹೆಂಡತಿ ಬೋನ್ಕಾ ಈಗಲೂ ಪಕ್ಕದ ಮನೆಯಲ್ಲೇ ಇದ್ದಾಳೆ.

ಆ ವಾರ ವಿಚಾರಣೆಗೆ ಬಂದವನು ರಸ್ತೆಯ ನಾಲ್ಕೂ ಕಾರುಗಳ ಬಗ್ಗೆ ಕೇಳಿಕೊಂಡು ಹೋದ. ಮೂರು ಆ ದಿನ ಊರಿನಲ್ಲಿರಲಿಲ್ಲ. ನಾಲ್ಕನೆಯದರ ಬಗ್ಗೆ ನಾನು ಬರೆದುಕೊಟ್ಟೆ. ಚಳಿಗಾಲದಲ್ಲಿ ತೋತ್ಯು ಕಾರಿನ ಬ್ಯಾಟರಿಯನ್ನು ಬಿಚ್ಚಿ ತಂದು ಕೆಳ ಅಂತಸ್ತಿನ ನನ್ನ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕದ ಹಲಗೆಯ ಮೇಲೆ ಇಡುತ್ತಿದ್ದ. ಅದಿಲ್ಲದೆ ಕಾರು ಹೊರಡುವಂತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಅದು ಅಲ್ಲಿತ್ತು. ಬೆಳಗ್ಗೆ ಆರಕ್ಕೂ ಅಲ್ಲಿತ್ತು. "ಬ್ಯಾಟರಿ ಇಡೀ ರಾತ್ರಿ ನನ್ನ ಅಡುಗೆಕೋಣೆಯಲ್ಲಿತ್ತು" ಎಂದು ಬರೆದು ಸಹಿ ಹಾಕಿದೆ. ಲೆಕ್ಕದ ಮೇಷ್ಟರ ಸಹಿಯ ಮೇಲೆ ಎರಡನೆಯ ಪ್ರಶ್ನೆ ಬರಲಿಲ್ಲ. ಯಾವ ಕಾರೂ ಹೊರಟಿಲ್ಲವೆಂದಾದ ಮೇಲೆ ಉಳಿದದ್ದು ಕುಡಿತ. ಫೆಬ್ರವರಿ 14 ತ್ರಿಫೋನನ ದಿನ, ಗಂಡಸರೆಲ್ಲ ದ್ರಾಕ್ಷಿ ಬಳ್ಳಿ ಕತ್ತರಿಸಿ ವೈನು ಕುಡಿಯುವ ದಿನ. "ಅಮಲಿನಲ್ಲಿ ಜಾರಿ ಬಿದ್ದು ಮರಣ" ಎಂದು ದಾಖಲಾಯಿತು.

ಆರನೆಯ ತಾರೀಖಿನ ಸಂಜೆಯಿಂದ ನಾನು ಮಾಡಿದ್ದನ್ನೂ ಹೇಳಬೇಕು. ಹೊಸ ಪುಟ್ಟಿ ಕಲಸಿ ನಗ್ಗು ತುಂಬಿದೆ. ಮೂರು ದಿನ ಉಜ್ಜಿದೆ. ಪ್ರೈಮರ್ ಹೊಡೆದೆ. ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳ್ಳಗೆ ಸಿಂಪಡಿಸಿದೆ. ಹಾಗೆ ಸಿಂಪಡಿಸಿ ಉಜ್ಜಿದರೆ ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಪ್ಪು ಎಲ್ಲಿಯೂ ಉಳಿಯಲಿಲ್ಲ. ಕಣ್ಣಿನ ಮಟ್ಟಿಗೆ ಮಡ್‌ಗಾರ್ಡು ಸಮನಾಗಿತ್ತು.

ಹನ್ನೊಂದರಂದು ಬೋನ್ಕಾ ಬಂದಳು. ಅವಳು ಗಿರಣಿಯಲ್ಲಿ ಮೂವತ್ತೆರಡು ವರ್ಷ ಬಟ್ಟೆಯ ಮೇಲೆ ಅಂಗೈ ಆಡಿಸಿ ಗಂಟು ಹುಡುಕಿದವಳು. ನನ್ನ ಕಣ್ಣಿಗೆ ಕಾಣದ್ದು ಅವಳ ಕೈಗೆ ಸಿಗುತ್ತದೆಂದು ಪ್ರತಿಯೊಂದು ಬಾಗಿಲು ಮುಗಿದಾಗಲೂ ನಾನೇ ಕರೆಯುತ್ತಿದ್ದೆ. ಆ ದಿನ ಕರೆದಿರಲಿಲ್ಲ.

"ಆ ಉಪ್ಪುಕಾಗದ ಬಿಸಾಕಿ ಮೇಷ್ಟ್ರೇ. ಸವೆದೂ ಸವೆದೂ ಪತ್ರ ಬರೆಯೋ ಹಾಗಾಗಿದೆ."

"ಇನ್ನೊಂದು ಬಾಗಿಲಿಗೆ ಆಗುತ್ತೆ."

"ನಿಮ್ಮ ತಮ್ಮನೂ ಹೀಗೇ. ಡಬ್ಬಿ ನೆಕ್ಕಿ ಇಡೋ ಜನ ನೀವು. ಸರೀರಿ, ಈ ಕಡೇದು ನೋಡ್ಲಿಲ್ಲ ನಾನು."

"ಅದು ಮುಗೀತು."

"ಮುಗೀತು ಅಂತ ಹೇಳೋದು ನನ್ನ ಕೆಲಸ, ನಿಮ್ಮದಲ್ಲ."

ಕಣ್ಣು ಮುಚ್ಚಿಕೊಂಡು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟಳು. ದೀಪದ ಗೂಡಿನಿಂದ ಹಿಂದಕ್ಕೆ ಒಂದು ಸಲ, ಮತ್ತೆ ಮುಂದಕ್ಕೆ ಒಂದು ಸಲ ಸವರಿದಳು. ಕೈ ನಿಂತಿತು.

"ಇಲ್ಲಿ ತಗಡಲ್ಲ ಇದು. ತಣ್ಣಗಿಲ್ಲ. ಏನು ತುಂಬಿದ್ದೀರಿ?"

"ನಗ್ಗು."

"ಯಾವಾಗಿನದು?"

ಸುಳ್ಳು ಹೇಳಲು ಆಗ ಅವಕಾಶವಿತ್ತು. ಹೇಳಲಿಲ್ಲ. ಹಸಿರು, ಗೇಟು, ಡಬ್ಬಿ, ಜೇನುಪೆಟ್ಟಿಗೆ, ಬ್ಯಾಟರಿ, ಎಲ್ಲವನ್ನೂ ಹಲಗೆಯ ಮೇಲೆ ಲೆಕ್ಕ ಬಿಡಿಸುವ ಕ್ರಮದಲ್ಲಿ ಹೇಳಿದೆ. ಅವಳ ಅಂಗೈ ಮಡ್‌ಗಾರ್ಡಿನ ಮೇಲೆಯೇ ಇತ್ತು. ನಾನು ಮುಗಿಸಿದಾಗ ಕೈಯನ್ನು ತೆಗೆದು, ಏಪ್ರನ್ನಿಗೆ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡಳು.

"ಲಾಜರನ ಮಣ್ಣಿಗೆ ನನ್ನನ್ನ ಈ ಕಾರಲ್ಲೇ ಕರ್ಕೊಂಡು ಹೋಗಿದ್ದ ನಿಮ್ಮ ತಮ್ಮ," ಎಂದಳು. ಆಮೇಲೆ ಮನೆಗೆ ಹೋದಳು.

ಎಂಟು ದಿನ ಬರಲಿಲ್ಲ. ಅವಳ ಗೇಟಿನ ಮೇಲೂ ಬಸ್ಸು ನಿಲ್ಲುವ ಕಂಬದ ಮೇಲೂ ಲಾಜರನ ಮರಣಪತ್ರ ಇತ್ತು, ನಮ್ಮಲ್ಲಿ ಸತ್ತವರ ನೆನಪಿಗೆ ಅಂಟಿಸುವ ಕಾಗದ, ಭಾವಚಿತ್ರದ ಸಮೇತ. ಪ್ರತಿ ಫೆಬ್ರವರಿಯಲ್ಲೂ ಹೊಸದು ಅಂಟಿಸುತ್ತಾಳೆ, ಇದು ಮೂವತ್ತಾರನೆಯದು. ಅದರಲ್ಲಿ ಯಾವಾಗಲೂ "ಕುಡಿಯದ ಮನುಷ್ಯ" ಎಂಬ ಒಂದು ಸಾಲು ಇರುತ್ತದೆ. ಅದನ್ನು ಓದಿ ಬಸ್ಸಿಗೆ ಕಾಯುವವರು ನಗುವುದನ್ನು ನಾನು ಕಂಡಿದ್ದೇನೆ.

ಬಣ್ಣದವನು ಎರಡು ಸಲ ಫೋನು ಮಾಡಿದ. ಎರಡನೆಯ ಸಲ, ಕಾರು ಬರುವುದಿಲ್ಲ ಎಂದೆ. ಹೊಸ ಪುಟ್ಟಿಯನ್ನು ಪೂರ್ತಿ ಕೆರೆದು ನಗ್ಗನ್ನು ಬಯಲು ಮಾಡಿದೆ.

ಇಪ್ಪತ್ತನೆಯ ತಾರೀಖು ಲಾಜರ್ ಶನಿವಾರವೂ ಆಗಿತ್ತು, ಆ ಹೆಸರಿನವರ ದಿನ. ಬೆಳಗ್ಗೆ ಬೋನ್ಕಾ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ನಗ್ಗನ್ನು ನೋಡಿದಳು, ಮುಟ್ಟಲಿಲ್ಲ.

"ಬರೀರಿ," ಎಂದಳು. "ಆಗಲೂ ನೀವೇ ಅಲ್ವಾ ಬರೆದದ್ದು."

ಬೆಂಚಿನ ಮೇಲೆ ಕಾಗದ ಇಟ್ಟುಕೊಂಡು ಬರೆದು ಓದಿ ಹೇಳಿದೆ: ಬ್ಯಾಟರಿಯನ್ನು ಒಂಬತ್ತಕ್ಕೆ ಕಂಡೆ, ಆರಕ್ಕೆ ಕಂಡೆ, ನಡುವೆ ಕಾಣಲಿಲ್ಲ. ಕಂಡೆನೆಂಬಂತೆ ಬರೆದದ್ದು ತಪ್ಪು. ನನ್ನ ತಮ್ಮನ ಕಾರಿನ ಬಲಗಡೆಯಲ್ಲಿ ಆ ಚಳಿಗಾಲದ ನಗ್ಗಿದೆ.

"ನಡುವೆ ಯಾಕೆ ಕಾಣಲಿಲ್ಲ? ಒಲೆ ಪಕ್ಕದ ಕೋಣೇಲೇ ಮಲಗ್ತಿದ್ರಿ. ಯಾರೋ ಬಂದು ಎತ್ಕೊಂಡು ಹೋದ್ರೆ ಎಚ್ಚರ ಆಗಲ್ವಾ?"

"ಕುಡಿದಿದ್ದೆ."

"ಅದನ್ನೂ ಬರೀರಿ."

ಬರೆದೆ.

"ಈಗ ಲಾಜರ್ ಕುಡಿದಿರಲಿಲ್ಲ ಅಂತ ಬರೀರಿ."

ಲೇಖನಿ ಕೆಳಗಿಟ್ಟೆ. "ಅವನ ರಕ್ತದಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ, ಬೋನ್ಕಾ. ನೋಡದ್ದನ್ನ ಒಂದು ಸಲ ಬರೆದದ್ದಕ್ಕೇ ಇಷ್ಟೆಲ್ಲ ಆಯ್ತು. ಮತ್ತೆ ಬರೆಯಲಾರೆ."

"ಅಂದ್ರೆ ಇಷ್ಟು ವರ್ಷ ಆದ್ಮೇಲೂ ನಿಮ್ಮ ಕಾಗದದಲ್ಲಿ ಅವನು ಕುಡುಕನೇ."

"ನೋಡಿದ್ದನ್ನು ಮಾತ್ರ ಬರೀತೀನಿ."

"ನೋಡಿದ್ದಾದ್ರೂ ಏನು, ಅದನ್ನ ಹೇಳಿ."

ಆ ತ್ರಿಫೋನನ ದಿನದ ಸಂಜೆ ಆರು ಗಂಟೆಗೆ ದ್ರಾಕ್ಷಿ ತೋಟದಲ್ಲಿ ನಾವು ಮೂವರಿದ್ದೆವು: ತೋತ್ಯು, ಲಾಜರ್, ನಾನು. ಹೂಜಿ ಒಂದು, ಲೋಟ ಮೂರು. ಲಾಜರ್ ತನ್ನ ಲೋಟವನ್ನು ಬೋರಲು ಹಾಕಿ, ಹತ್ತಕ್ಕೆ ಪಾಳಿ ಇದೆ ಎಂದ. ತೋತ್ಯು ಅದನ್ನು ಎತ್ತಿ ತುಂಬಲು ಹೋದ. ಲಾಜರ್ ಲೋಟದ ತಳದ ಮೇಲೆ ಕೈ ಇಟ್ಟುಕೊಂಡು ಕೂತ. ಎದ್ದು ಹೋಗುವಾಗಲೂ ಅದು ಬೋರಲಾಗಿಯೇ ಇತ್ತು.

ಇದನ್ನು ಹೇಳಿದೆ. ಬೋನ್ಕಾ ಬೆಂಚಿನ ತುದಿಯನ್ನು ಹಿಡಿದುಕೊಂಡಳು.

"ಇದನ್ನ ಯಾಕೆ ಆಗ ಹೇಳ್ಲಿಲ್ಲ?"

"ಯಾರೂ ಕೇಳಲಿಲ್ಲ."

"ನಾನು ಕೇಳಿದ್ದೆ. ಮಣ್ಣಿನಿಂದ ವಾಪಸ್ ಬರೋವಾಗ, ಈ ಕಾರಿನ ಹಿಂದಿನ ಸೀಟಲ್ಲಿ ಕೂತು ನಿಮ್ಮಿಬ್ಬರನ್ನೂ ಕೇಳಿದ್ದೆ, ಅವನು ಕುಡಿದಿದ್ನಾ ಅಂತ. ನಿಮ್ಮ ತಮ್ಮ ಗೇರು ಬದಲಾಯಿಸಿದ. ನೀವು ಕಿಟಕಿ ಕಡೆ ನೋಡಿದ್ರಿ, ಮೇಷ್ಟ್ರೇ."

ಆ ಪ್ರಶ್ನೆ ನನ್ನ ನೆನಪಿನಲ್ಲಿರಲಿಲ್ಲ. ಎಪ್ಪತ್ತೆಂಟು ವರ್ಷದಲ್ಲಿ ನಾನು ಏನನ್ನೂ ಮರೆತಿಲ್ಲವೆಂದು ತಿಳಿದಿದ್ದೆ. ಕಿಟಕಿಯ ಆಚೆ ಹಿಮದ ಮೇಲೆ ಕಾಗೆಗಳಿದ್ದುದು ಮಾತ್ರ ನೆನಪಿತ್ತು, ಏಳು. ಲಾಜರ್ ಕುಡಿದಿರಲಿಲ್ಲವೆಂದು ಒಪ್ಪಿದ್ದರೆ ಒಂದು ಕಾರನ್ನು ಹುಡುಕಬೇಕಾಗುತ್ತಿತ್ತು. ಅಷ್ಟು ಸುಲಭದ ಲೆಕ್ಕ ನನಗೆ ಅಂದು ತಿಳಿಯಲಿಲ್ಲವೆಂದು ಈಗ ಹೇಳಲಾರೆ.

ಬೋರಲು ಲೋಟವನ್ನೂ, ಅವಳು ಕಾರಿನಲ್ಲಿ ಕೇಳಿದ್ದನ್ನೂ, ನಾನು ಉತ್ತರಿಸದಿದ್ದುದನ್ನೂ ಬರೆದೆ. ಕೆಳಗೆ ಸಹಿ, ತಾರೀಖು.

"ರಾಲಿತ್ಸಾ?" ಎಂದು ಕೇಳಿದೆ.

"ಆ ಮಗೂದೇನು ತಪ್ಪು. ಮದುವೆಗೆ ನಾನು ಹೋಗ್ತೀನಿ. ಈ ಕಾರು ಬರಬಾರದು."

"ಬರುವುದಿಲ್ಲ."

ಇಬ್ಬರೂ ಬಸ್ಸಿನ ಕಂಬದವರೆಗೆ ನಡೆದೆವು. ಹಿಟ್ಟಿನ ಅಂಟು ಅವಳೇ ತಂದಿದ್ದಳು. ಮರಣಪತ್ರದ ಪಕ್ಕದಲ್ಲಿ ನಾನು ಕಾಗದ ಅಂಟಿಸಿದೆ. ಅವಳು ಕಣ್ಣು ಮುಚ್ಚಿ ಅದರ ಮೇಲೆ ಅಂಗೈ ಆಡಿಸಿದಳು.

"ಮೂಲೇಲಿ ಗಾಳಿ ಉಳಿದಿದೆ," ಎಂದಳು. ಅದನ್ನು ಒತ್ತಿ ಹೊರಗೆ ಹಾಕಿದಳು.

ಬಸ್ಸು ಬಂತು. ಇಳಿದವರಲ್ಲಿ ಇಬ್ಬರು ಓದಲು ನಿಂತರು. ಈ ಸಲ ಯಾರೂ ನಗಲಿಲ್ಲ. ಲಾಜರನಿಗೆ ನಾನು ಕೊಡಬೇಕಾಗಿದ್ದ ಆ ಒಂದು ಲೋಟದ ಸಾಕ್ಷ್ಯ ಸಂದಾಯವಾಯಿತು. ಕಾಣದೆಯೇ ಸಹಿ ಹಾಕಿದ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗಿನ ಒಂಬತ್ತು ಗಂಟೆ ನನ್ನ ಹೆಸರಿನಲ್ಲಿ ಬಾಕಿ ಇದೆ.